ಹಳೆ ಫ್ಲ್ಯಾಶ್ ಪಾಠಗಳನ್ನು ಅನಿಮೇಟ್‌ಗೆ ತಂದೆ: ನನ್ನ ಅನುಭವ

ಅನಿಮೇಷನ್ ತಂತ್ರಾಂಶವಾದ ಫ್ಲ್ಯಾಶ್ ಸಿಎಸ್6ರಲ್ಲೂ ಅದಕ್ಕಿಂತ ಹಿಂದಿನ ವರ್ಷನ್‌ಗಳಲ್ಲೂ ಮಾಡಿಟ್ಟ ಸುಮಾರು ಇನ್ನೂರು ಪಾಠಗಳಲ್ಲಿ ಹೆಚ್ಚಿನವು ಈಗ ಅದರ ಮುಂದಿನ ರೂಪವಾದ ಅನಿಮೇಟ್‌ನ ಎಚ್‌ಟಿಎಂಎಲ್5 ಕ್ಯಾನ್ವಾಸ್‌ನಲ್ಲಿ (ಬೇರೆ ಪ್ಲೇಯರ್ ಇಲ್ಲದೆ ಬ್ರೌಸರೇ ಚಿತ್ರ ಬಿಡಿಸುವ ಬಗೆ) ಓಡುತ್ತಿವೆ. ಫೋನಿನಲ್ಲೂ ಓಡುತ್ತಿವೆ. "ಇದು ಆಗೋ ಕೆಲಸ ಅಲ್ಲ, ಎಲ್ಲಾ ಬಿಸಾಕಿ ಹೊಸದಾಗಿ ಮಾಡಿ" ಅಂದವರೇ ಜಾಸ್ತಿ. "ಸ್ಕ್ರೀನ್ ರೆಕಾರ್ಡ್ ಮಾಡಿ ವಿಡಿಯೊ ಹಾಕಿಬಿಡಿ, ಸುಮ್ನೆ ತಲೆನೋವು ಯಾಕೆ" ಅಂದವರೂ ಇದ್ದರು. ಆ ಮಾತು ಕೇಳಿದ್ದರೆ ಪ್ರಶ್ನೆಗಳು, ಎಳೆದು ಜೋಡಿಸುವ ಆಟಗಳು ಎಲ್ಲಾ ಹೋಗುತ್ತಿದ್ದವು. ಪಾಠದಲ್ಲಿ ಮಕ್ಕಳು ಕೈಯಾಡಿಸುವುದೇ ಅಲ್ಲಿ. ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಟೈಮ್‌ಲೈನ್ (ಫ್ರೇಮುಗಳ ಸಾಲು), ಸಿಂಬಲ್ (ಮತ್ತೆ ಮತ್ತೆ ಬಳಸುವ ಚಿತ್ರದ ತುಣುಕು), ಪಬ್ಲಿಶ್ ಸೆಟ್ಟಿಂಗ್ ಎಲ್ಲಾ ಗೊತ್ತಿದ್ದು, ಹಳೆ ಎಫ್‌ಎಲ್‌ಎ (ಫ್ಲ್ಯಾಶ್‌ನ ತಿದ್ದಬಲ್ಲ ಮೂಲ) ಫೈಲುಗಳನ್ನು ಇಟ್ಟುಕೊಂಡು ಕೂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಪಾಠಗಳಲ್ಲಿ ಮುಕ್ಕಾಲು ಪಾಲು ಆ್ಯಕ್ಷನ್‌ಸ್ಕ್ರಿಪ್ಟ್ 2 (ಎಎಸ್2), ಅಂದರೆ ಫ್ಲ್ಯಾಶ್‌ನ ಹಳೆ ಕೋಡ್ ಭಾಷೆ. ತೊಡಕು ಶುರುವಾಗುವುದೇ ಅಲ್ಲಿ. 2013ರ ಫ್ಲ್ಯಾಶ್ ಸಿಸಿಯಲ್ಲೇ ಅಡೋಬಿಯವರು ಎಎಸ್2 ಬೆಂಬಲ ತೆಗೆದರು. 2016ರಲ್ಲಿ ಫ್ಲ್ಯಾಶ್‌ನ ಹೆಸರು ಅನಿಮೇಟ್ ಆಯಿತು. 2020ರ ಕೊನೆಗೆ ಫ್ಲ್ಯಾಶ್ ಪ್ಲೇಯರ್‌ನ ಆಯಸ್ಸು ಮುಗಿಯಿತು. 2021ರ ಜನವರಿ 12ರಿಂದ ಪ್ಲೇಯರ್ ತಾನಾಗಿಯೇ ಎಸ್‌ಡಬ್ಲ್ಯುಎಫ್ (ಫ್ಲ್ಯಾಶ್‌ನಿಂದ ಪಬ್ಲಿಶ್ ಆದ ಫೈಲ್) ಓಡಿಸುವುದನ್ನು ಬಿಟ್ಟಿತು. ಹಾಗಾಗಿ ಹೊಸ ವರ್ಷನ್ ಹಾಕಿ ಫೈಲ್ ತೆರೆದರೆ ಮುಗಿಯುವ ಕೆಲಸ ಇದಲ್ಲ. ಚಿತ್ರ ಬರುತ್ತದೆ, ಕೋಡ್ ಬರುವುದಿಲ್ಲ.

ಮೊದಲು ಹಿಡಿದದ್ದು ಎಲ್ಲರೂ ಹೇಳುವ ದಾರಿ. ಎಎಸ್2 ಕೋಡನ್ನು ಅದರ ಮುಂದಿನ ಆವೃತ್ತಿ ಎಎಸ್3ಗೆ ತಿದ್ದುವುದು, ಆಮೇಲೆ ಅನಿಮೇಟ್‌ನಲ್ಲಿ ಕ್ಯಾನ್ವಾಸ್‌ಗೆ ಬದಲಿಸುವುದು. ಹತ್ತು ಹನ್ನೆರಡು ಪಾಠ ಹೀಗೆ ಮಾಡಿದೆವು. ಆದರೆ ಎಎಸ್3 ಫೈಲನ್ನು ಕ್ಯಾನ್ವಾಸ್‌ಗೆ ಬದಲಿಸಿದಾಗ ಅದರಲ್ಲಿದ್ದ ಕೋಡ್ ಎಲ್ಲಾ ಕಾಮೆಂಟ್ (ಓಡದ ಬರೀ ಟಿಪ್ಪಣಿ) ಆಗಿ ಕೂರುತ್ತದೆ. ಅಲ್ಲಿಂದ ಮತ್ತೆ ಜಾವಾಸ್ಕ್ರಿಪ್ಟ್‌ನಲ್ಲಿ ಬರೆಯಬೇಕು. ಒಂದೇ ಪಾಠಕ್ಕೆ ಎರಡು ಸಲ ಕೂಲಿ ಕೊಟ್ಟ ಹಾಗೆ.

ಎರಡನೆಯದು, ಎಎಸ್2ನಿಂದ ನೇರವಾಗಿ ಜಾವಾಸ್ಕ್ರಿಪ್ಟ್‌ಗೆ ತಿರುಗಿಸಿ ಆಯಾ ಫ್ರೇಮಿನಲ್ಲೇ ಕೂರಿಸುವುದು. ಇದು ನೋಡಲು ಸುಲಭ. ಇಂಥ ಫ್ರೇಮಿಗೆ ಹೋಗಿ ನಿಲ್ಲು ಅನ್ನುವ ಗೋಟುಆ್ಯಂಡ್‌ಸ್ಟಾಪ್ ಎರಡೂ ಕಡೆ ಇದೆ, ಸ್ಟಾಪ್ ಎರಡೂ ಕಡೆ ಇದೆ. ಆದರೆ ಫ್ಲ್ಯಾಶ್‌ನಲ್ಲಿ ಫ್ರೇಮ್ ಲೆಕ್ಕ ಒಂದರಿಂದ, ಕ್ಯಾನ್ವಾಸ್‌ನಲ್ಲಿ ಸೊನ್ನೆಯಿಂದ. ಹತ್ತಕ್ಕೆ ಹೋಗು ಅಂದರೆ ಹನ್ನೊಂದರಲ್ಲಿ ನಿಲ್ಲುತ್ತದೆ. ಸರಿ, ಒಂದು ಕಳೆದರೆ ಆಯಿತು. ನಿಜವಾಗಿ ಕಾಡಿದ್ದು ಬಟನ್.

ನೀರಿನ ಚಕ್ರದ ಪಾಠ ಒಂದಿದೆ. ಮೋಡದ ಮೇಲೆ ಒತ್ತಿದರೆ ಸರಿ ಉತ್ತರಕ್ಕೆ ಒಂದು ಅಂಕ. ಮೊದಲ ಸಲ ಒಂದು ಅಂಕ ಬಂತು. "ಹಿಂದೆ" ಒತ್ತಿ ಮತ್ತೆ ಅದೇ ಪುಟಕ್ಕೆ ಬಂದು ಒತ್ತಿದರೆ ಎರಡು ಅಂಕ. ಇನ್ನೊಂದು ಸುತ್ತು ಹೋಗಿ ಬಂದರೆ ಮೂರು. ಆ ಫ್ರೇಮಿಗೆ ಬಂದಾಗಲೆಲ್ಲ ಕೋಡ್ ಮತ್ತೆ ಓಡುತ್ತದೆ, ಬಟನ್ನಿಗೆ ಇನ್ನೊಂದು ಲಿಸನರ್ (ಒತ್ತಿದ್ದನ್ನು ಕೇಳಿಸಿಕೊಳ್ಳುವ ಕೋಡ್) ಅಂಟಿಕೊಳ್ಳುತ್ತದೆ. ಹಳೆಯದು ಬಿಟ್ಟು ಹೋಗಿರುವುದಿಲ್ಲ. ಒಂದು ಕಡೆ ಸರಿ ಮಾಡಬಹುದು. ಇನ್ನೂರು ಪಾಠ, ಪಾಠಕ್ಕೆ ಮೂವತ್ತು ನಲವತ್ತು ಬಟನ್, ಎಲ್ಲಾ ಕಡೆ ಹುಡುಕಿ ಕೈಯಲ್ಲಿ ತಿದ್ದುವುದು ಅಂದರೆ ಆಗದ ಮಾತು.

ಹೊರಗಿನವರಿಗೆ ಕೊಡೋಣ ಅಂತ ವಿಚಾರಿಸಿದ್ದೂ ಆಗಲೇ. ಒಬ್ಬರು ಎಲ್ಲವನ್ನೂ ಮೊದಲಿಂದ ಮಾಡುವ ಲೆಕ್ಕ ಕೊಟ್ಟರು. ಆ ಮೊತ್ತ ಈ ಪಾಠಗಳನ್ನು ಮೂಲದಲ್ಲಿ ತಯಾರಿಸಲು ಆದ ಖರ್ಚನ್ನೂ ಮೀರಿತ್ತು. ಚಿತ್ರ ಬರೆದವರ ವರ್ಷಗಟ್ಟಲೆ ಕೆಲಸ ಕೈಯಲ್ಲಿದ್ದಾಗ ಅದನ್ನೇ ಮತ್ತೆ ದುಡ್ಡು ಕೊಟ್ಟು ಕೊಳ್ಳುವುದಾ? ನಾನು ಒಪ್ಪಲಿಲ್ಲ.

ಕೊನೆಗೆ ಕೈ ಹಿಡಿದ ದಾರಿ ಇದು: ಚಿತ್ರ ಮತ್ತು ಟೈಮ್‌ಲೈನ್ ಮಾತ್ರ ದಾಟಿಸುವುದು. ಕೋಡನ್ನು ದಾಟಿಸುವುದೇ ಇಲ್ಲ. ಫೈಲಿನೊಳಗೆ ಒಂದು ಸಾಲು ಕೋಡೂ ಇರಬಾರದು. ಎಲ್ಲಿ ಏನಾಗಬೇಕು ಅನ್ನುವುದಕ್ಕೆ ಫ್ರೇಮ್ ಲೇಬಲ್ (ಫ್ರೇಮಿಗೆ ಇಟ್ಟ ಹೆಸರು) ಮಾತ್ರ. ಉಳಿದದ್ದೆಲ್ಲ ಹೊರಗಿರುವ ಒಂದೇ ಜಾವಾಸ್ಕ್ರಿಪ್ಟ್ ಫೈಲ್ ನೋಡಿಕೊಳ್ಳುತ್ತದೆ. ಅದಕ್ಕೆ ನಾವು ಎಂಜಿನ್ ಅನ್ನುತ್ತೇವೆ. ಇನ್ನೂರು ಪಾಠಕ್ಕೂ ಒಂದೇ ಎಂಜಿನ್.

ಇದಕ್ಕೆ ಸಿಎಸ್6 ಇರುವ ಹಳೆ ಯಂತ್ರ ಬೇಕೇ ಬೇಕು. ನಿಮ್ಮಲ್ಲಿ ಇನ್ನೂ ಇದ್ದರೆ ದಯವಿಟ್ಟು ಫಾರ್ಮ್ಯಾಟ್ ಮಾಡಬೇಡಿ. ಎಎಸ್2 ಕೋಡನ್ನು ಪೂರ್ತಿ ಓದಬಲ್ಲ ಕೊನೆಯ ವರ್ಷನ್ ಅದು. ಅದರಲ್ಲಿ ಜೆಎಸ್‌ಎಫ್‌ಎಲ್ (ಫ್ಲ್ಯಾಶ್ ತಂತ್ರಾಂಶವನ್ನೇ ನಡೆಸುವ ಭಾಷೆ) ಸ್ಕ್ರಿಪ್ಟ್ ಒಂದನ್ನು ಓಡಿಸಿ, ಪ್ರತಿ ಫೈಲಿನ ಪ್ರತಿ ಕೀಫ್ರೇಮಿನ ಕೋಡನ್ನೂ, ಸಿಂಬಲ್‌ಗಳ ಮೈಮೇಲೆ ಅಂಟಿಸಿದ್ದ ಆನ್ ರಿಲೀಸ್ (ಬಟನ್ ಒತ್ತಿ ಬಿಟ್ಟಾಗ ಓಡುವ) ಕೋಡನ್ನೂ ಟೆಕ್ಸ್ಟ್ ಫೈಲಿಗೆ ಸುರಿದೆ. ಲೈಬ್ರರಿಯೊಳಗಿನ ಸಿಂಬಲ್‌ಗಳನ್ನೂ ಬಿಡಬಾರದು. ಅರ್ಧದಷ್ಟು ಕೋಡ್ ಅಡಗಿರುವುದು ಅಲ್ಲೇ.

ಸುರಿದದ್ದನ್ನು ವಿಂಗಡಿಸಿ ನೋಡಿದರೆ ಖುಷಿಯಾಯಿತು. ಸಾವಿರಾರು ತುಣುಕು, ಆದರೆ ಬಗೆ ಹದಿನೈದಿಪ್ಪತ್ತು ಅಷ್ಟೇ. ನಿಲ್ಲು. ಮುಂದೆ ಹೋಗು. ಹಿಂದೆ ಹೋಗು. ದನಿ ಹಾಕು. ಉತ್ತರ ನೋಡು. ಅಂಕ ಸೇರಿಸು. ನೂರಕ್ಕೆ ತೊಂಬತ್ತು ಇವುಗಳಲ್ಲೇ ಮುಗಿಯಿತು. ಒಬ್ಬೊಬ್ಬರು ಒಂದೊಂದು ರೀತಿ ಬರೆದಿದ್ದರು, ಕೆಲಸ ಮಾತ್ರ ಅದೇ.

ಆಮೇಲೆ ಅದೇ ಜೆಎಸ್‌ಎಫ್‌ಎಲ್‌ನಿಂದ ಕೋಡನ್ನೆಲ್ಲ ಅಳಿಸಿ, ಹೊಸದೊಂದು ಲೇಯರ್ ಹಾಕಿ, ಕೋಡಿದ್ದ ಜಾಗದಲ್ಲೆಲ್ಲ ಕೀಫ್ರೇಮ್ ಇಟ್ಟು ಲೇಬಲ್ ಹಚ್ಚಿದೆ. ಲೇಬಲ್ ಬರೀ ಹೆಸರು ಮತ್ತು ನಂಬರು. ಅಲ್ಲಿ ಏನಾಗಬೇಕು ಅನ್ನುವುದು ಪಾಠಕ್ಕೊಂದರಂತೆ ಇರುವ ಜೇಸನ್ (ಮಾಹಿತಿಯನ್ನು ಪಟ್ಟಿ ಮಾಡಿಡುವ ಸರಳ ಟೆಕ್ಸ್ಟ್) ಫೈಲಿನಲ್ಲಿ. ಹೀಗೆ ಖಾಲಿಯಾದ ಎಫ್‌ಎಲ್‌ಎಯನ್ನು ಪಬ್ಲಿಶ್ ಸೆಟ್ಟಿಂಗ್‌ನಲ್ಲಿ ಎಎಸ್3 ಮಾಡಿ ಸೇವ್ ಮಾಡಿದರೆ ಅನಿಮೇಟ್ ತಕರಾರಿಲ್ಲದೆ ತೆರೆಯುತ್ತದೆ. ಅಲ್ಲಿ ಕ್ಯಾನ್ವಾಸ್‌ಗೆ ಬದಲಿಸಿ ಪಬ್ಲಿಶ್ ಮಾಡುವುದು.

ಓಡುವಾಗ ಕ್ರಿಯೇಟ್‌ಜೆಎಸ್‌ನ (ಅನಿಮೇಟ್‌ನ ಕ್ಯಾನ್ವಾಸ್ ಬಳಸುವ ಸಿದ್ಧ ಜಾವಾಸ್ಕ್ರಿಪ್ಟ್ ಕೋಡಿನ ಕಟ್ಟು) ಮೂವಿಕ್ಲಿಪ್, ಅಂದರೆ ತನ್ನದೇ ಟೈಮ್‌ಲೈನ್ ಇರುವ ಸಿಂಬಲ್, ತನ್ನ ಲೇಬಲ್‌ಗಳ ಪಟ್ಟಿಯನ್ನೂ ಈಗಿನ ಫ್ರೇಮನ್ನೂ ಕೇಳಿದಾಗ ಕೊಡುತ್ತದೆ. ಎಂಜಿನ್ ಪ್ರತಿ ಟಿಕ್‌ಗೂ (ಚಿತ್ರ ಹೊಸದಾಗುವ ಪ್ರತಿ ಸಲ) ಹಿಂದಿನ ಜಾಗ ಮತ್ತು ಈಗಿನ ಜಾಗದ ನಡುವೆ ಯಾವ ಲೇಬಲ್ ದಾಟಿತು ಅಂತ ನೋಡುತ್ತದೆ. ದಾಟಿದ್ದರೆ ಜೇಸನ್‌ನಲ್ಲಿ ಬರೆದದ್ದನ್ನು ಮಾಡುತ್ತದೆ. "ನಡುವೆ" ಅನ್ನುವುದು ಮುಖ್ಯ. ಈಗಿನ ಲೇಬಲ್ ಮಾತ್ರ ನೋಡಿದರೆ, ಫ್ರೇಮ್ ಹಾರಿದಾಗ ನಿಲ್ಲಬೇಕಾದ ಕಡೆ ನಿಲ್ಲುವುದಿಲ್ಲ. ಬಟನ್ನುಗಳಿಗೆ ಲಿಸನರ್ ಹಚ್ಚುವುದೂ ಬಿಡಿಸುವುದೂ ಎಂಜಿನ್ನೇ. ಮೋಡ ಈಗ ಎಷ್ಟು ಸಲ ಸುತ್ತಿ ಬಂದರೂ ಒಂದೇ ಅಂಕ ಕೊಡುತ್ತದೆ.

ಸಿಂಬಲ್ ಒಳಗೆ ಸಿಂಬಲ್, ಅದರೊಳಗೆ ಬಟನ್ ಇದ್ದು, ಎರಡು ಮೂರು ಪೇರೆಂಟ್ ದಾಟಿ ಹೊರಗಿನ ಟೈಮ್‌ಲೈನನ್ನು ಓಡಿಸುವ ಕೋಡ್ ಇತ್ತಲ್ಲ, ಅದನ್ನು ಲೇಬಲ್ಲಿಗೆ ಇಳಿಸಿದ ಬಗೆಯನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಅದು ನನ್ನ ಹೊಟ್ಟೆಪಾಡು. ಇನ್‌ಸ್ಟನ್ಸ್ (ಟೈಮ್‌ಲೈನಿನಲ್ಲಿ ಇಟ್ಟ ಸಿಂಬಲ್‌ನ ಒಂದೊಂದು ಪ್ರತಿ) ಹೆಸರುಗಳನ್ನು ಮೊದಲೇ ಶಿಸ್ತಿಗೆ ತನ್ನಿ, ಅರ್ಧ ದಾರಿ ತಾನಾಗಿ ತೆರೆದುಕೊಳ್ಳುತ್ತದೆ.

ಈಗ ಹಣದ ಮಾತು. ಹೊರಗಿನವರು ಕೇಳಿದ್ದರ ಹೆಚ್ಚುಕಡಿಮೆ ಕಾಲು ಭಾಗದಲ್ಲಿ ಬಹುತೇಕ ಎಲ್ಲಾ ಮುಗಿಯಿತು. ಅನಿಮೇಟ್ ಚಂದಾ ಒಂದೇ ಸೀಟಿಗೆ (ಒಬ್ಬ ಬಳಕೆದಾರನಿಗೆ) ಸಾಕಾಯಿತು. ಅದರಲ್ಲಿ ಆಗುವುದು ಬದಲಿಸಿ ಪಬ್ಲಿಶ್ ಮಾಡುವ ಕೆಲಸ ಮಾತ್ರ. ಜೇಸನ್ ತಿದ್ದುವವರು, ಪರೀಕ್ಷೆ ಮಾಡುವವರು ಎಲ್ಲರಿಗೂ ಪುಕ್ಕಟೆ ಟೆಕ್ಸ್ಟ್ ಎಡಿಟರ್ ಮತ್ತು ಬ್ರೌಸರ್ ಸಾಕು. ಎಲ್ಲರಿಗೂ ಸೀಟು ಕೊಳ್ಳಬೇಕು ಅಂತ ಮೊದಲು ಹಾಕಿದ್ದ ಲೆಕ್ಕವೇ ಬಿದ್ದುಹೋಯಿತು. ಖರ್ಚಾದದ್ದರಲ್ಲಿ ಅರ್ಧ ಪರೀಕ್ಷೆಗೆ, ಮೂರನೇ ಒಂದು ಭಾಗ ದನಿಗೆ ಹೋಯಿತು. ಉಳಿದದ್ದು ಚಿಲ್ಲರೆ.

ದನಿ ಯಾಕೆ ಅಷ್ಟು ತಿಂದಿತು ಅಂದರೆ, ಹಳೆ ಪಾಠಗಳು ಸೆಕೆಂಡಿಗೆ 12 ಫ್ರೇಮಿನವು, ಸ್ಟ್ರೀಮ್ ದನಿಯನ್ನು (ಟೈಮ್‌ಲೈನಿಗೆ ಕಟ್ಟಿದ ದನಿ) ನಂಬಿಕೊಂಡಿದ್ದವು. ಕ್ಯಾನ್ವಾಸ್‌ನಲ್ಲಿ ನಿಧಾನದ ಫೋನಿನಲ್ಲಿ ಚಿತ್ರ ಹಿಂದೆ ಬೀಳುತ್ತದೆ, ದನಿ ಮುಂದೆ ಓಡುತ್ತದೆ. ತುಟಿ ಒಂದು ಕಡೆ, ಮಾತು ಒಂದು ಕಡೆ. ಇದಕ್ಕೆ ಲೆಕ್ಕ ತಿರುಗಿಸಿದೆ. ಚಿತ್ರ ದನಿಯನ್ನು ಓಡಿಸುವ ಬದಲು ದನಿಯೇ ಚಿತ್ರವನ್ನು ಎಳೆಯಲಿ. ಆಡಿಯೊ ಎಷ್ಟು ಸೆಕೆಂಡಿಗೆ ಬಂದಿದೆಯೋ ಅದನ್ನು 12ರಿಂದ ಗುಣಿಸಿ ಆ ಫ್ರೇಮಿಗೆ ಹೋಗು, ಅಷ್ಟೇ. ಫ್ರೇಮ್ ಹಾರಿದರೂ ಮೇಲೆ ಹೇಳಿದ "ನಡುವೆ"ಯ ಲೆಕ್ಕ ಇರುವುದರಿಂದ ಲೇಬಲ್ ತಪ್ಪುವುದಿಲ್ಲ. ತುಟಿ ಎಷ್ಟು ಚೆನ್ನಾಗಿ ಕೂತಿತು ಅಂದರೆ ಮೂಲ ಫ್ಲ್ಯಾಶ್‌ನಲ್ಲೂ ಹಾಗಿರಲಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಬ್ರೌಸರುಗಳು ಬಳಕೆದಾರ ಮುಟ್ಟುವವರೆಗೆ ದನಿ ಬಿಡುವುದಿಲ್ಲ, 2018ರಿಂದ ಕ್ರೋಮ್ ಕೂಡ ಹಾಗೇ. ಹಾಗಾಗಿ ಪ್ರತಿ ಪಾಠಕ್ಕೂ ಮೊದಲಲ್ಲಿ "ಶುರು" ಬಟನ್ ಬೇಕಾಯಿತು. ಮೂಲ ದನಿ ಫೈಲುಗಳು ಎಷ್ಟೋ ಕಳೆದುಹೋಗಿದ್ದವು. ಜೆಎಸ್‌ಎಫ್‌ಎಲ್‌ನಿಂದಲೇ ಲೈಬ್ರರಿಯ ದನಿಯನ್ನು ಹೊರಗೆ ತೆಗೆಯಬಹುದು, ಹೆಚ್ಚಿನವು ಹಾಗೆ ಸಿಕ್ಕವು. ತೀರಾ ಹಾಳಾದವನ್ನು ಮತ್ತೆ ಓದಿಸಿದೆವು. ದುಡ್ಡು ಹೋದದ್ದು ಅಲ್ಲಿ.

ಶೇಪ್ ಟ್ವೀನ್ ಬಗ್ಗೆ ಎಚ್ಚರ. ಟ್ವೀನ್ ಅಂದರೆ ಎರಡು ಕೀಫ್ರೇಮುಗಳ ನಡುವಿನ ಚಲನೆಯನ್ನು ತಂತ್ರಾಂಶವೇ ತುಂಬುವುದು, ಶೇಪ್ ಟ್ವೀನ್‌ನಲ್ಲಿ ಆಕಾರವೇ ಬದಲಾಗುತ್ತದೆ. ಕ್ಲಾಸಿಕ್ ಟ್ವೀನ್ ಕ್ಯಾನ್ವಾಸ್‌ಗೆ ಟ್ವೀನ್ ಆಗಿಯೇ ಹೋಗುತ್ತದೆ. ನಮ್ಮ ಹಳೆ ಪಾಠಗಳಲ್ಲಿ ಅದೇ ಜಾಸ್ತಿ ಇದ್ದದ್ದು ಪುಣ್ಯ. ಶೇಪ್ ಟ್ವೀನ್ ಆದರೆ ಪ್ರತಿ ಫ್ರೇಮಿಗೂ ಒಂದೊಂದು ಆಕಾರ ಬರೆದುಕೊಳ್ಳುತ್ತದೆ. ಉರಿಯುವ ಮೇಣದಬತ್ತಿಯ ಒಂದು ಪಾಠದ ಜೆಎಸ್ ಫೈಲ್ ಮೂರು ಎಂಬಿ ಹತ್ತಿರ ಬಂದಿತ್ತು. ಜ್ವಾಲೆಯ ಸಿಂಬಲ್ ಒಂದನ್ನು ಮಾತ್ರ ಸ್ಪ್ರೈಟ್ ಶೀಟ್ (ಎಲ್ಲ ಫ್ರೇಮುಗಳನ್ನೂ ಜೋಡಿಸಿಟ್ಟ ಒಂದೇ ಚಿತ್ರ) ಮಾಡಿದ ಮೇಲೆ ನಾನೂರು ಕೆಬಿ ಆಸುಪಾಸಿಗೆ ಇಳಿಯಿತು. ಗ್ಲೋ, ಬ್ಲರ್ ಫಿಲ್ಟರುಗಳು ಫೋನನ್ನು ಎಳೆದು ಕೂರಿಸುತ್ತವೆ. ಇದ್ದಲ್ಲೆಲ್ಲ ಬಿಟ್‌ಮ್ಯಾಪ್ ಮಾಡಿಬಿಡಿ.

ಅಕ್ಷರದ ವಿಷಯದಲ್ಲಿ ಲಾಭವೇ ಆಯಿತು. ಡೈನಾಮಿಕ್ ಟೆಕ್ಸ್ಟನ್ನು (ಓಡುವಾಗ ತುಂಬುವ ಅಕ್ಷರ) ಕ್ಯಾನ್ವಾಸ್‌ನಲ್ಲಿ ಬ್ರೌಸರೇ ಬರೆಯುತ್ತದೆ. ಒತ್ತಕ್ಷರ, ಗುಣಿತ ಎಲ್ಲಾ ಸರಿಯಾಗಿ ಕೂರುತ್ತವೆ. ಮಾತುಗಳೂ ಜೇಸನ್‌ಗೆ ಬಂದದ್ದರಿಂದ ಒಂದು ಕಾಗುಣಿತ ತಿದ್ದಲು ಎಫ್‌ಎಲ್‌ಎ ತೆರೆಯಬೇಕಾಗಿಲ್ಲ.

ನಡುವೆ ರಫಲ್ ಹಾಕಿಯೂ ನೋಡಿದೆ. ರಸ್ಟ್‌ನಲ್ಲಿ ಬರೆದ ಫ್ಲ್ಯಾಶ್ ಎಮ್ಯುಲೇಟರ್ ಅದು, ಬ್ರೌಸರಿನಲ್ಲಿ ವೆಬ್‌ಅಸೆಂಬ್ಲಿಯಾಗಿ ಓಡುತ್ತದೆ. ಎಎಸ್2 ಪಾಠಗಳು ಎಷ್ಟೋ ಹಾಗೇ ಓಡಿದವು, ನಿಜಕ್ಕೂ ಒಳ್ಳೆಯ ಕೆಲಸ. ಇನ್ನು ಮುಂದೆ ಯಾರೂ ಮುಟ್ಟದ, ಬರೀ ನೋಡುವಂಥ ಹತ್ತಿಪ್ಪತ್ತು ಪಾಠಗಳನ್ನು ಅದರಲ್ಲೇ ಬಿಟ್ಟಿದ್ದೇನೆ. ತಿದ್ದುವುದು ಇದೆ ಅಂದರೆ ಅದು ಸಾಲದು, ಒಳಗಿರುವುದು ಅದೇ ಹಳೆ ಎಸ್‌ಡಬ್ಲ್ಯುಎಫ್ ಅಲ್ವಾ.

ಅಡೋಬಿಯದೇ ಇನ್ನೊಂದು ಹಳೆ ತಂತ್ರಾಂಶ ಡೈರೆಕ್ಟರ್‌ನಲ್ಲಿ ಮಾಡಿದ ಕೆಲವು ಪಾಠಗಳೂ ಇದ್ದವು. ಡೈರೆಕ್ಟರ್ ಮಾರಾಟ 2017ರಲ್ಲಿ ನಿಂತಿತು, ಅದರ ಪಾಠ ಓಡಿಸುತ್ತಿದ್ದ ವಿಂಡೋಸ್‌ನ ಶಾಕ್‌ವೇವ್ ಪ್ಲೇಯರ್ 2019ರ ಏಪ್ರಿಲ್‌ನಲ್ಲಿ. ಅಲ್ಲಿಂದ ಅನಿಮೇಟ್‌ಗೆ ಸೇತುವೆ ಇಲ್ಲ. ಕಾಸ್ಟ್‌ನಿಂದ (ಡೈರೆಕ್ಟರ್‌ನ ಲೈಬ್ರರಿ) ಚಿತ್ರ, ದನಿ ಹೊರಗೆ ತೆಗೆದು, ಸ್ಕೋರ್ (ಅದರ ಟೈಮ್‌ಲೈನ್) ನೋಡಿಕೊಂಡು ಟೈಮ್‌ಲೈನನ್ನು ಕೈಯಲ್ಲೇ ಕಟ್ಟಿದೆವು. ಆದರೆ ಡೈರೆಕ್ಟರ್‌ನ ಭಾಷೆಯಾದ ಲಿಂಗೋ ಕೋಡನ್ನೂ ಅದೇ ಹದಿನೈದಿಪ್ಪತ್ತು ಬಗೆಗಳಿಗೆ ಇಳಿಸಬಹುದು ಅಂತ ಗೊತ್ತಾಯಿತು. ಎಂಜಿನ್ ಒಂದಕ್ಷರ ಬದಲಾಗಲಿಲ್ಲ.

ಎಳೆದು ಜೋಡಿಸುವ ಇಪ್ಪತ್ತರಷ್ಟು ಪಾಠಗಳಿಗೆ ಮಾತ್ರ ಬೇರೆ ಕೋಡ್ ಕೈಯಲ್ಲಿ ಬರೆಯಬೇಕಾಯಿತು. ಅವುಗಳಲ್ಲಿ ಮೂರು ನಾಲ್ಕು ಇನ್ನೂ ಬಾಕಿ. ಮಾಸ್ಕ್ (ಚಿತ್ರದ ಒಂದು ಭಾಗವನ್ನಷ್ಟೇ ತೋರಿಸುವ ಮುಚ್ಚಳ) ಒಳಗೆ ಮಾಸ್ಕ್ ಇಟ್ಟು ಅದನ್ನೇ ಎಳೆಯುವ ಹಾಗೆ ಮಾಡಿದ್ದಾರೆ, ಕ್ಯಾನ್ವಾಸ್‌ನಲ್ಲಿ ಅದು ಸರಿಯಾಗಿ ಕೂರುತ್ತಿಲ್ಲ. ಈಗ ಒಳಗಿನ ಮಾಸ್ಕನ್ನು ತೆಗೆದು, ಆ ಚಿತ್ರವನ್ನೇ ಕತ್ತರಿಸಿದ ಬಿಟ್‌ಮ್ಯಾಪ್ ಮಾಡಿ ನೋಡುತ್ತಿದ್ದೇನೆ. ಮೊದಲನೆಯದು ಓಡಿದೆ.