ಲೀ-ಎನ್‌ಫೀಲ್ಡ್ ನಂ. 4: ಗುರಿ ಚದುರಿದರೆ ಮೊದಲು ಮರವನ್ನು ನೋಡಿ

ಈ ರೈಫಲ್‌ನ .303 ಬೋರ್ (ನಳಿಗೆಯ ಒಳವ್ಯಾಸದ ಅಳತೆ) ಭಾರತದಲ್ಲಿ ನಿಷೇಧಿತವಾಗಿರುವುದರಿಂದ, ಬ್ರಿಟನ್ ಅಥವಾ ಆಸ್ಟ್ರೇಲಿಯಾದಲ್ಲಿ ಪರವಾನಗಿ ಪಡೆದು ಹಳೆಯ ಸೇನಾ ರೈಫಲ್‌ಗಳ ಗುರಿ ಸ್ಪರ್ಧೆಗಳಲ್ಲಿ ಭಾಗವಹಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಗುಂಡುಗಳು ಹಲಗೆಯ ಮೇಲೆ ಚದುರಿ ಬೀಳತೊಡಗಿದರೆ ಅನೇಕರು ನಳಿಗೆಯನ್ನೇ ದೂರುತ್ತಾರೆ. ಆದರೆ ದೋಷವು ಹೆಚ್ಚಾಗಿ ನಳಿಗೆಯ ಕೆಳಗಿರುವ ಮುಂಭಾಗದ ಮರದಲ್ಲಿರುತ್ತದೆ. ಟ್ರಿಗರ್‌ನ ಹತ್ತಿರ ಈ ಮರವು ಲೋಹಕ್ಕೆ ಒತ್ತಿ ನಿಲ್ಲುವ ಎರಡು ಅಂಚುಗಳು ದಶಕಗಳ ಎಣ್ಣೆ ಹೀರಿ ಮೆತ್ತಗಾಗಿ, ಪ್ರತಿ ಹೊಡೆತಕ್ಕೂ ಮರ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ. ಅಲ್ಲಿ ಗಟ್ಟಿ ಮರದ ತುಂಡನ್ನು ಅಂಟಿಸಿ, ಎರಡೂ ಬದಿ ಸಮನಾಗಿ ತಾಗುವಂತೆ ಸ್ವಲ್ಪಸ್ವಲ್ಪವೇ ಹೆರೆಯಬೇಕು. ಇದು ಒಂದು ಸಂಜೆಯ ಕೆಲಸವಲ್ಲ. ನಳಿಗೆಯ ತುದಿಯನ್ನು ಮರ ಕೆಳಗಿನಿಂದ ಸುಮಾರು 2ರಿಂದ 7 ಪೌಂಡ್ ಒತ್ತಡದಲ್ಲಿ ಎತ್ತಿ ಹಿಡಿದಿರಬೇಕೆಂಬುದನ್ನೂ ಮರೆಯಬೇಡಿ.

ಹಳೆಯ ಸೇನಾ ತೋಟಾಗಳ ಪ್ರೈಮರ್‌ನಿಂದ (ಮದ್ದಿಗೆ ಕಿಡಿ ಹಚ್ಚುವ ಭಾಗ) ನಳಿಗೆಯೊಳಗೆ ಉಳಿಯುವ ಲವಣವು ಗಾಳಿಯ ತೇವವನ್ನು ಸೆಳೆದು ತುಕ್ಕು ತರುತ್ತದೆ. ಅದು ಎಣ್ಣೆಯಲ್ಲಿ ಕರಗದು. ಆದ್ದರಿಂದ ಗುಂಡು ಹಾರಿಸಿದ ದಿನವೇ ನಳಿಗೆಯೊಳಗೆ ಕುದಿಯುವ ನೀರು ಹೊಯ್ದು, ಚೆನ್ನಾಗಿ ಒಣಗಿಸಿ, ಆಮೇಲೆ ಎಣ್ಣೆ ಸವರಿ. ಒರೆಸುವಾಗ ನಳಿಗೆಯ ಬಾಯಿಯ ಅಂಚು ಸವೆಯದಂತೆ ಹಗ್ಗ ಕಟ್ಟಿದ ಬಟ್ಟೆಯನ್ನು ಹಿಂದಿನಿಂದ ಮುಂದಕ್ಕೆ ನೇರವಾಗಿ ಎಳೆಯುವುದೇ ಲೇಸು.

ಬೋಲ್ಟ್‌ನ (ನಳಿಗೆಯ ಹಿಂಬದಿಯನ್ನು ಮುಚ್ಚುವ ಸರಳು) ತಲೆ ಬದಲಿಸಿದ್ದರೆ, ಹೆಡ್‌ಸ್ಪೇಸ್ ಅನ್ನು, ಅಂದರೆ ಬೋಲ್ಟ್ ಮುಚ್ಚಿದಾಗ ತೋಟಾಗೆ ಉಳಿಯುವ ಜಾಗವನ್ನು, ಗೇಜಿನಿಂದ ಅಳೆಸಿಕೊಳ್ಳದೆ ಗುಂಡು ಹಾರಿಸಲೇಬೇಡಿ. 0ರಿಂದ 3ರವರೆಗೆ ಸಂಖ್ಯೆ ಹಾಕಿದ ಬೇರೆ ಬೇರೆ ಉದ್ದದ ತಲೆಗಳಿದ್ದರೂ, ಅವುಗಳನ್ನು ಆಯುವುದು ನುರಿತ ಬಂದೂಕು ಕುಶಲಕರ್ಮಿಯ ಕೆಲಸ.