ಕೇಳಿಸುತ್ತದೆ, ಆದರೆ ಮೈಕ್ ಕೆಲಸ ಮಾಡಲ್ಲ: ವಿಮಾನದ ಹೆಡ್‌ಸೆಟ್ ಸರಿಮಾಡಿದ ಅನುಭವ
ಕಂಟ್ರೋಲ್ ಟವರ್‌ನ ಮಾತು ಚೆನ್ನಾಗಿ ಕೇಳುತ್ತಿತ್ತು. ನನ್ನ ಮಾತು ಮಾತ್ರ ಹೊರಗೆ ಹೋಗುತ್ತಿರಲಿಲ್ಲ. ಪಕ್ಕದ ಸೀಟಿನ ಜ್ಯಾಕ್‌ಗೆ ಹಾಕಿದರೂ ಅದೇ ಕಥೆ. ಹಾಗಾದರೆ ದೋಷ ಹೆಡ್‌ಸೆಟ್‌ನದ್ದೇ, ಅಲ್ವಾ?

ಈ ಹೆಡ್‌ಸೆಟ್‌ನಲ್ಲಿರುವುದು ಎಲೆಕ್ಟ್ರೆಟ್ ಮೈಕ್, ಅಂದರೆ ವಿದ್ಯುತ್ ಕೊಟ್ಟರೆ ಮಾತ್ರ ಕೆಲಸ ಮಾಡುವ ಬಗೆ. ಅದಕ್ಕೆ ರೇಡಿಯೊದಿಂದ ಸುಮಾರು 8ರಿಂದ 16 ವೋಲ್ಟ್ ಬರಬೇಕು. ಸುಮ್ನೆ ಕಂಪ್ಯೂಟರ್‌ಗೆ ಚುಚ್ಚಿ ನೋಡಿದರೆ ಒಳ್ಳೆಯ ಮೈಕೂ ಕೆಟ್ಟಂತೆ ಕಾಣಬಹುದು. ಹೆಡ್‌ಸೆಟ್‌ನ ಎರಡು ಪ್ಲಗ್‌ಗಳಲ್ಲಿ ತೆಳ್ಳಗಿರುವುದು ಮೈಕ್‌ನದ್ದು, ಆ ಬಗೆಯ ಪ್ಲಗ್‌ನ ಹೆಸರು ಪಿಜೆ-068. ಅದರ ತುದಿ ಪಿಟಿಟಿ ಬಟನ್‌ಗೆ (ಮಾತಾಡುವಾಗ ಒತ್ತುವ ಬಟನ್), ನಡುವಿನ ಉಂಗುರ ದನಿಗೆ, ಬುಡದ ಭಾಗ ಗ್ರೌಂಡ್‌ಗೆ. ಮೈಕ್ ಬಿಚ್ಚಿ, ಅದರ ತಂತಿಯಿಂದ ಉಂಗುರದವರೆಗೆ ಮಲ್ಟಿಮೀಟರ್‌ನಲ್ಲಿ ಕಂಟಿನ್ಯುಟಿ ನೋಡಿದೆ, ಅಂದರೆ ತಂತಿ ತುಂಡಾಗದೆ ಇದ್ದರೆ ಮೀಟರ್ ಬೀಪ್ ಅನ್ನುತ್ತದೆ. ಪ್ಲಗ್ ಹತ್ತಿರ ಕೇಬಲ್ ಬಗ್ಗಿಸಿದಾಗಲೆಲ್ಲ ಬೀಪ್ ನಿಲ್ಲುತ್ತಿತ್ತು. ಒಳಗೆ ತಂತಿ ತುಂಡಾಗಿತ್ತು. ಅಷ್ಟು ಭಾಗ ಕತ್ತರಿಸಿ, ಹೊಸ ಪ್ಲಗ್‌ಗೆ ಬೆಸುಗೆ ಹಾಕಿದೆ. ನೆಲದ ಮೇಲೇ ರೇಡಿಯೊ ಚೆಕ್ ಮಾಡಿದೆ, ದನಿ ಸ್ಪಷ್ಟ. ಮೈಕ್ ತುಟಿಗೆ ತೀರಾ ಹತ್ತಿರ ಇರಲಿ. ದೂರವಾದರೆ ಎಂಜಿನ್ ಸದ್ದೇ ಜಾಸ್ತಿ ಹೋಗುತ್ತದೆ.