ಯುದ್ಧ ಕಂಡ ಮಕ್ಕಳಿಗೆ ಕಥೆ ಹೇಳುವಾಗ: ಕಿಳಿನೊಚ್ಚಿಯಲ್ಲಿ ನನ್ನ ಅನುಭವ

ಯುದ್ಧ ನೋಡಿದ ಮಕ್ಕಳಿಗೆ ಕಥೆ ಹೇಳಿ ಅಂದರೆ ಹೆಚ್ಚಿನವರು ಆರಿಸುವುದು ಕೊನೆಗೆ ಎಲ್ಲ ಸರಿಹೋಗುವ ಕಥೆ. ನಾನು ಅದನ್ನು ಹೇಳುವುದಿಲ್ಲ. ನಾನು ಕೆಜಿಎಫ್‌ನಲ್ಲಿ ಬೆಳೆದವಳು, ತಮಿಳು ಬರುತ್ತದೆ. ಹಾಗಾಗಿ ಉತ್ತರ ಶ್ರೀಲಂಕಾದ ಕಿಳಿನೊಚ್ಚಿ, ಮುಲ್ಲೈತೀವು ಕಡೆಯ ಮಕ್ಕಳ ಜೊತೆ ಕೂರಲು ಆಯಿತು.

ಶ್ರೀಲಂಕಾ ಸೇನೆಗೂ ಎಲ್‌ಟಿಟಿಇಗೂ ನಡೆಯುತ್ತಿದ್ದ ಯುದ್ಧ 2009ರ ಮೇ ತಿಂಗಳಲ್ಲಿ ಮುಗಿಯಿತು. ವವುನಿಯಾದ ಶಿಬಿರಗಳಿಂದ ಊರಿಗೆ ಮರಳಿದವರಿಗೆ ಕಂಡದ್ದು ಸೂರಿಲ್ಲದ ಮನೆ, ನೆಲಬಾಂಬ್ ಇದೆ ಅನ್ನುವ ಕೆಂಪು ಫಲಕ, ಶೆಲ್ ಬಿದ್ದು ತಲೆ ಹಾರಿಹೋದ ತಾಟಿ (ತಾಳೆ) ಮರಗಳು.

ನನ್ನ ಕಥೆ ಆ ಮರದ್ದೇ. ತಾಟಿ ಮರಕ್ಕೆ ಇರುವುದು ಒಂದೇ ಸುಳಿ, ಅದು ಹೋದರೆ ಮತ್ತೆ ಚಿಗುರುವುದಿಲ್ಲ, ಇದು ಅಲ್ಲಿನ ಚಿಕ್ಕ ಮಕ್ಕಳಿಗೂ ಗೊತ್ತು. ಚಿಗುರಿತು ಅಂದರೆ ಮುಂದೆ ನಾನು ಏನು ಹೇಳಿದರೂ ನಂಬಲ್ಲ, ಅಲ್ವಾ? ನನ್ನ ಕಥೆಯ ಮರ ಚಿಗುರುವುದಿಲ್ಲ. ಅದರ ಪೊಟರೆಯಲ್ಲಿ ಗಿಳಿ ಮೊಟ್ಟೆ ಇಡುತ್ತದೆ. ಹಿಂದೆ ಬಿದ್ದ ಹಣ್ಣಿನ ಬೀಜಗಳನ್ನು ಒಬ್ಬ ಅಜ್ಜಿ ಹೂತು, ಮೊಳೆತ ಗೆಡ್ಡೆ ಬೇಯಿಸಿ ಹಂಚುತ್ತಾಳೆ. ಆ ಗೆಡ್ಡೆಗೆ ತಮಿಳಲ್ಲಿ ಪನಂಗಿಳಂಗು ಅಂತಾರೆ, ಹೆಸರು ಹೇಳಿದ ಕೂಡಲೇ ಮಕ್ಕಳ ಬಾಯಲ್ಲಿ ನೀರು!

ಅದೇ ಕಥೆಯಲ್ಲಿ ಒಂದು ಪುಟ್ಟ ಅಳಿಲೂ ಇದೆ. ಕಷ್ಟ ಇದ್ದದ್ದು ಅದರ ಅಪ್ಪನ ವಿಷಯದಲ್ಲಿ. ಅವನು ನೀರಿಗೆ ಹೋದವನು ಬಂದಿಲ್ಲ. ಅಲ್ಲಿ ಎಷ್ಟೋ ಮನೆಗಳಲ್ಲಿ ಕಾಣೆಯಾದವರಿಗಾಗಿ ಇನ್ನೂ ಕಾಯುತ್ತಿದ್ದಾರೆ, 2017ರ ಫೆಬ್ರವರಿಯಲ್ಲಿ ಕಿಳಿನೊಚ್ಚಿಯ ತಾಯಂದಿರು ರಸ್ತೆ ಬದಿಯಲ್ಲಿ ಧರಣಿಗೇ ಕೂತರು. ಸತ್ತ ಅಂತ ಹೇಳಲು ನಾನು ಯಾರು? ಬರುತ್ತಾನೆ ಅನ್ನಲೂ ಬಾರದು. ಅದಕ್ಕೇ ಅಳಿಲು ಕಾಯುತ್ತದೆ, ಸಿಟ್ಟಾಗುತ್ತದೆ, ಆಮೇಲೆ ಆಟಕ್ಕೂ ಹೋಗುತ್ತದೆ. ಕಥೆಯಲ್ಲಿ ಮುಖ್ಯವಾದದ್ದು ಈ ಆಟವೇ. ಎಷ್ಟೋ ಮಕ್ಕಳಿಗೆ ನಕ್ಕರೆ ತಪ್ಪು ಮಾಡಿದ ಹಾಗೆ ಅನಿಸುತ್ತಿತ್ತು.

"ಅಳಿಲು ಆಡಿದರೆ ಅಪ್ಪನಿಗೆ ಬೇಜಾರಾಗಲ್ವಾ ಅಕ್ಕಾ?" ಅಂತ ಒಬ್ಬಳು ಕೇಳಿದಳು. ನಾನು ಉತ್ತರ ಹೇಳದೆ ಉಳಿದವರ ಮುಖ ನೋಡಿದೆ. "ಅಪ್ಪನೇ ಹೋಗಿ ಆಡು ಅಂತಿದ್ದರು" ಅಂದ ಇನ್ನೊಬ್ಬ. ಅವನು ಯಾರ ಅಪ್ಪನ ಬಗ್ಗೆ ಹೇಳಿದ ಅಂತ ನಾನು ಕೇಳಲಿಲ್ಲ.

ನಿನಗೆ ಏನಾಯಿತು ಅಂತ ಕೆದಕಬಾರದು. ವಿಶ್ವ ಆರೋಗ್ಯ ಸಂಸ್ಥೆಯ 2011ರ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯೂ ಒತ್ತಾಯ ಬೇಡ ಅನ್ನುತ್ತದೆ. ಅಳಿಲಿಗೆ ಈಗ ಏನನಿಸುತ್ತಿರಬಹುದು ಅಂತ ಮಾತ್ರ ಕೇಳಿ. ಸುಮ್ನೆ ಕೂತವರನ್ನು ಹಾಗೇ ಬಿಡಿ, ಎದ್ದು ಹೋಗುವವರಿಗೆ ಬಾಗಿಲು ತೆರೆದಿರಲಿ. ಕಥೆಯಲ್ಲಿ ಢಮಾರ್ ಶಬ್ದ ಬೇಡವೇ ಬೇಡ. ಅದೇ ಕಥೆ ಮತ್ತೆ ಬೇಕು ಅಂದರೆ ಅದನ್ನೇ ಹೇಳಿ, ಮುಂದೇನು ಅಂತ ಮೊದಲೇ ಗೊತ್ತಿದ್ದರೆ ಅವರಿಗೆ ಧೈರ್ಯ ಜಾಸ್ತಿ.

ತಿಂಗಳುಗಟ್ಟಲೆ ನಿದ್ದೆ ಇಲ್ಲದ, ಮಾತೇ ನಿಂತುಹೋದ ಮಕ್ಕಳಿಗೆ ಕಥೆಯೊಂದೇ ಸಾಲದು. ಅಂಥವರನ್ನು ಮನೆಯವರ ಜೊತೆ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆವು. ಕಥೆಗೂ ಆ ಮಕ್ಕಳು ಬರುತ್ತಿದ್ದರು, ನಾವು ಬೇಡ ಅನ್ನುತ್ತಿರಲಿಲ್ಲ.